ಮೊದಲ ಪಾಪ್-ಅಪ್ ಕ್ಯಾಂಪರ್: ಕೊಳ್ಳುವ ಮುನ್ನ ನಿಮ್ಮ ಕಾರಿನ ಬಾಗಿಲು ತೆರೆದು ನೋಡಿ

ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮವರ ಕ್ಯಾಂಪಿಂಗ್ ಸಾಮಾನ್ಯವಾಗಿ ಟೆಂಟಿನಿಂದಲೇ ಶುರು. ನಾಲ್ಕಾರು ಬೇಸಿಗೆ ಕಳೆಯುವಷ್ಟರಲ್ಲಿ ನೆಲದ ಮೇಲೆ ಮಲಗಿ ಸೊಂಟ ಹಿಡಿದಿರುತ್ತದೆ. ಊರಿಂದ ಬಂದ ಅಪ್ಪ-ಅಮ್ಮನನ್ನು ಟೆಂಟಿನೊಳಗೆ ಬಗ್ಗಿ ನುಸುಳಿ ಎನ್ನಲು ಬಾಯಿ ಬರುವುದಿಲ್ಲ. ದೊಡ್ಡ ಟ್ರಾವೆಲ್ ಟ್ರೇಲರ್ ಎಳೆಯಬೇಕೆಂದರೆ ಪಿಕಪ್ ಟ್ರಕ್ ಬೇಕು. ಇವೆರಡರ ನಡುವೆ ನಿಲ್ಲುವುದು ಪಾಪ್-ಅಪ್. ರಸ್ತೆಯಲ್ಲಿ ಹೋಗುವಾಗ ಎದೆಯೆತ್ತರದ ತಗ್ಗು ಪೆಟ್ಟಿಗೆ. ನಿಲ್ಲಿಸಿ ಹ್ಯಾಂಡಲ್ ತಿರುಗಿಸಿದರೆ ಛಾವಣಿ ಮೇಲೇಳುತ್ತದೆ, ಎರಡೂ ತುದಿಯಿಂದ ಹಾಸಿಗೆಗಳು ಹೊರಗೆ ಜಾರುತ್ತವೆ, ಸುತ್ತಲೂ ಕ್ಯಾನ್ವಾಸ್ ಗೋಡೆ.

ಕೊಳ್ಳುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಹೊಸ ಪಾಪ್-ಅಪ್ ಮಾಡುವವರು ಈಗ ಬಹಳ ಕಡಿಮೆ. ಇಂಡಿಯಾನಾದ ಮಿಡ್ಲ್‌ಬರಿಯಲ್ಲಿ 1968ರಲ್ಲಿ ಹುಟ್ಟಿದ ಜೇಕೋ ಕಂಪನಿ ಮೊದಲು ಹೆಸರು ಮಾಡಿದ್ದೇ ಪಾಪ್-ಅಪ್‌ನಿಂದ, ಆದರೆ ಅವರ ಗಮನ ಈಗ ದೊಡ್ಡ ಟ್ರೇಲರ್‌ಗಳ ಮೇಲೆ. ಪೆನ್ಸಿಲ್ವೇನಿಯಾದ ಸಾಮರ್‌ಸೆಟ್‌ನಲ್ಲಿದ್ದ ಕೋಲ್‌ಮನ್-ಫ್ಲೀಟ್‌ವುಡ್ ಕಾರ್ಖಾನೆ 2011ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಮೊದಲ ಬಾರಿ ಕೊಳ್ಳುವವರ ಕಣ್ಣಿಗೆ ಬೀಳುವವು ಹೆಚ್ಚಾಗಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಹಳೆಯವು. ಹಳೆಯದೆಂದು ಹೆದರಬೇಕಿಲ್ಲ. ನೀರು ಹೊಕ್ಕಿರಬಾರದು, ನಿಮ್ಮ ಕಾರಿಗೆ ಭಾರವಾಗಬಾರದು. ಉಳಿದ ಕೊರತೆಗಳಿಗೆಲ್ಲ ರಿಪೇರಿ ಇದೆ, ಇವೆರಡಕ್ಕೆ ಇಲ್ಲ.

ಹೆಜ್ಜೆ 1: ಭಾರದ ಲೆಕ್ಕ

ಜಾಹೀರಾತು ನೋಡುವ ಮೊದಲು ಕಾರಿನ ಮ್ಯಾನ್ಯುಯಲ್‌ನಲ್ಲಿ ಎಳೆಯುವ ಸಾಮರ್ಥ್ಯ ಎಷ್ಟೆಂದು ನೋಡಿ. ಟೊಯೋಟಾ ಸಿಯೆನ್ನಾ, ಹೋಂಡಾ ಒಡಿಸ್ಸಿ ಮಿನಿವ್ಯಾನ್‌ಗಳಿಗೆ 3,500 ಪೌಂಡ್. ಹೋಂಡಾ ಪೈಲಟ್ ನಾಲ್ಕು ಚಕ್ರ ಚಾಲನೆಯದಾದರೆ 5,000. ಹೋಂಡಾ ಸಿಆರ್-ವಿಗೆ ಬರೀ 1,500. ಅದಕ್ಕೆ ಕುಟುಂಬ ಹಿಡಿಸುವ ಪಾಪ್-ಅಪ್ ಹುಡುಕುವುದು ವ್ಯರ್ಥ. ಕ್ರೈಸ್ಲರ್ ಪೆಸಿಫಿಕಾ ಹೈಬ್ರಿಡ್‌ನಿಂದ ಏನನ್ನೂ ಎಳೆಯಬೇಡಿ ಎಂದು ಕಂಪನಿಯೇ ಹೇಳುತ್ತದೆ. ಒಂದೇ ಮಾದರಿಯಲ್ಲೂ ವರ್ಷ, ಎಂಜಿನ್, ಟೋ ಪ್ಯಾಕೇಜ್ (ಎಳೆಯಲೆಂದು ಸೇರಿಸುವ ಭಾಗಗಳು) ನೋಡಿಕೊಂಡು ಅಂಕಿ ಬದಲಾಗುತ್ತದೆ. ಕೆಲವು ವ್ಯಾನ್‌ಗಳಿಗೆ ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್ ಹಾಕಿಸಿದರೆ ಮಾತ್ರ 3,500.

ಮಾರುವವರು ಹೇಳುವುದು ಖಾಲಿ ಗಾಡಿಯ ತೂಕ. 1,700 ಪೌಂಡ್ ಎಂದರು ಅನ್ನಿ. ಅದರ ಮೇಲೆ ತುಂಬಿದ ಪ್ರೊಪೇನ್ ಸಿಲಿಂಡರ್ 37, ಬ್ಯಾಟರಿ 50, ಛಾವಣಿಯ ಎಸಿ 90, ಇಪ್ಪತ್ತು ಗ್ಯಾಲನ್ ನೀರು ತುಂಬಿಸಿದರೆ 167, ಪಾತ್ರೆ ಹಾಸಿಗೆ ಕುರ್ಚಿ ಎಂದು 300. ಒಟ್ಟು 2,344. ಟ್ರೇಲರ್ ಮೇಲಿನ ಫಲಕದಲ್ಲಿ ಜಿವಿಡಬ್ಲ್ಯುಆರ್ ಎಂದು ಬರೆದಿರುವುದೇ ಅದರ ಗರಿಷ್ಠ ಮಿತಿ. ಅದು 2,500 ಇದ್ದರೆ ನೀವು ಅಂಚಿನಲ್ಲಿದ್ದೀರಿ. ನೀರನ್ನು ಮನೆಯಿಂದ ಹೊರುವ ಬದಲು ಕ್ಯಾಂಪ್‌ಗ್ರೌಂಡ್‌ನ ನಲ್ಲಿಯಲ್ಲೇ ತುಂಬಿಸಿಕೊಳ್ಳಿ.

ಮಿನಿವ್ಯಾನ್ ಇರುವವರು ಎಡವುವುದು ಇದರಾಚೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿ 1,200 ಇದೆ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ 290, ಇಬ್ಬರು ಮಕ್ಕಳು 120, ಅಜ್ಜ ಅಜ್ಜಿ 280, ಡಿಕ್ಕಿಯ ಸಾಮಾನು 150: ಇಷ್ಟಕ್ಕೇ 840 ಆಯಿತು. ಟ್ರೇಲರ್‌ನ ಮೂತಿ ಕಾರಿನ ಹಿಂದಿನ ಕೊಂಡಿಯ (ಹಿಚ್) ಮೇಲೆ ಹೇರುವ ಭಾರ, ಅಂದರೆ ಟಂಗ್ ವೇಟ್, ಟ್ರೇಲರ್ ತೂಕದ ಶೇ 10ರಿಂದ 15. ಅದೂ ಕಾರಿನ ಲೆಕ್ಕಕ್ಕೇ ಸೇರುತ್ತದೆ. 2,344 ಪೌಂಡಿನ ಟ್ರೇಲರ್‌ಗೆ ಸುಮಾರು 280 ಹಿಡಿದರೆ ಮೊತ್ತ 1,120. ಇನ್ನು ಉಳಿದದ್ದು 80 ಪೌಂಡ್. ಎಳೆಯುವ ಸಾಮರ್ಥ್ಯ ಸಾವಿರ ಪೌಂಡಿಗೂ ಹೆಚ್ಚು ಬಾಕಿ ಇದ್ದಾಗಲೇ ಹೊರುವ ಸಾಮರ್ಥ್ಯ ಮುಗಿದಿರುತ್ತದೆ. ಟಂಗ್ ವೇಟ್ ಕಡಿಮೆ ಮಾಡೋಣವೆಂದು ಭಾರವನ್ನು ಟ್ರೇಲರ್ ಹಿಂಭಾಗಕ್ಕೆ ಸರಿಸುವುದು ಇದಕ್ಕಿಂತ ಅಪಾಯ: ಮೂತಿ ಹಗುರಾದ ಟ್ರೇಲರ್ ಹೈವೇಯಲ್ಲಿ ಬಾಲ ಬೀಸತೊಡಗುತ್ತದೆ. ಹಿಂದಿನ ಬಂಪರ್‌ಗೆ ನಾಲ್ಕು ಸೈಕಲ್ ಕಟ್ಟಿದರೂ ಅದೇ ಫಲ. ಭಾರದ ಸಾಮಾನು ಚಕ್ರದ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಇರಲಿ.

ಬ್ರೇಕ್ ವಿಚಾರ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಮುಟ್ಟಿದರೆ ಟ್ರೇಲರ್‌ಗೇ ಬ್ರೇಕ್ ಇರಬೇಕು. ಹಲವು ರಾಜ್ಯಗಳಲ್ಲಿ ಮಿತಿ 3,000. ಕಾನೂನು ಏನೇ ಹೇಳಲಿ, ಮಕ್ಕಳನ್ನು ಕೂರಿಸಿಕೊಂಡು ಬೆಟ್ಟ ಇಳಿಯುವವರಿಗೆ ಬ್ರೇಕ್ ಇಲ್ಲದ ಟ್ರೇಲರ್ ಬೇಡ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕಾರಿನಲ್ಲಿ ಟ್ರೇಲರ್ ಬ್ರೇಕನ್ನು ಹಿಡಿಸುವ ಬ್ರೇಕ್ ಕಂಟ್ರೋಲರ್ ಮತ್ತು ಏಳು ಪಿನ್ನಿನ ಸಾಕೆಟ್ ಬೇಕು. ನಾಲ್ಕು ಪಿನ್ನಿನದು ದೀಪಗಳಿಗಷ್ಟೇ.

ಹೆಜ್ಜೆ 2: ಜಾಗ ಅಳೆಯಿರಿ

ಪಾಪ್-ಅಪ್‌ಗಳನ್ನು ಪೆಟ್ಟಿಗೆಯ ಉದ್ದದಿಂದ ಕರೆಯುತ್ತಾರೆ: 8, 10, 12 ಅಡಿ. ಮೂತಿ, ಬಂಪರ್ ಸೇರಿ ನಾಲ್ಕೈದು ಅಡಿ ಹೆಚ್ಚು ಹಿಡಿಯಿರಿ. ಅಗಲ ಸುಮಾರು ಏಳಡಿ. ಏಳಡಿ ಎತ್ತರದ ಗರಾಜ್ ಬಾಗಿಲಲ್ಲಿ ಸಾಧಾರಣ ಪಾಪ್-ಅಪ್ ಒಳಗೆ ಹೋಗುತ್ತದೆ, ಛಾವಣಿಯಲ್ಲಿ ಎಸಿ ಇದ್ದರೆ ಟೇಪ್ ಹಿಡಿದೇ ನೋಡಬೇಕು. ಮನೆಮುಂದೆ ಟ್ರೇಲರ್ ನಿಲ್ಲಿಸಲು ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಬಿಡುತ್ತದೆಯೇ ಎಂದೂ ಕೇಳಿಕೊಳ್ಳಿ. ಬಿಸಿಲು ಮಳೆಗೆ ಹೊರಗೇ ನಿಂತದ್ದರ ಆಯಸ್ಸು ಕಡಿಮೆ.

ಹೆಜ್ಜೆ 3: ಯಾರು ಎಲ್ಲಿ ಮಲಗುತ್ತಾರೆ

‘ಎಂಟು ಜನ ಮಲಗಬಹುದು’ ಎಂಬ ಮಾತನ್ನು ನಂಬಬೇಡಿ. ಅದರಲ್ಲಿ ಊಟದ ಮೇಜನ್ನು ಇಳಿಸಿ ಮಾಡುವ ಹಾಸಿಗೆಯೂ ಸೇರಿದೆ. ಅದು ಒಬ್ಬರಿಗೆ ಧಾರಾಳ, ಇಬ್ಬರಿಗೆ ಇಕ್ಕಟ್ಟು. ತುದಿಯ ಹಾಸಿಗೆಗಳು ಹೆಚ್ಚಾಗಿ ಒಂದು ಕಿಂಗ್, ಒಂದು ಕ್ವೀನ್ ಅಥವಾ ಡಬಲ್. ಎತ್ತರ ಮಾತ್ರ ಸೊಂಟದ ಮಟ್ಟ, ಹತ್ತಲು ಮಂಡಿ ಊರಬೇಕು. ಮಂಡಿನೋವಿನ ಹಿರಿಯರಿಗೆ ಮೇಜಿನ ಹಾಸಿಗೆಯೇ ಸರಿ, ಅದು ತಗ್ಗಿನಲ್ಲಿದೆ. ನಾಲ್ವರಿಗೆ 10 ಅಡಿ ಸಾಕು. ಆರು ಮಂದಿ ನಿಯಮಿತವಾಗಿ ಹೋಗುವುದಾದರೆ 12 ನೋಡಿ. ಮೇಜಿನ ಭಾಗ ಹೊರಗೆ ಜಾರುವ ಸ್ಲೈಡ್‌ಔಟ್ ಇದ್ದರೆ ಒಳಗೆ ಓಡಾಡಲು ಸುಖ, ಆದರೆ ಅಂಥ ದೊಡ್ಡ ಮಾದರಿಗಳ ಖಾಲಿ ತೂಕವೇ 3,000 ಪೌಂಡ್ ಸಮೀಪಿಸುತ್ತದೆ. ಮಿನಿವ್ಯಾನ್‌ಗೆ ಅವು ಅಲ್ಲ. ಎ-ಫ್ರೇಮ್ ಎನ್ನುವ ಗಟ್ಟಿ ಗೋಡೆಯ ತ್ರಿಕೋನ ಮಾದರಿಗಳು ನಿಮಿಷಗಳಲ್ಲಿ ಎದ್ದು ನಿಲ್ಲುತ್ತವೆ, ಇಬ್ಬರಿಗೆ ಚಂದ, ಮಕ್ಕಳೊಂದಿಗರಿಗೆ ಸಾಲದು.

ಒಳಗಿನ ಶವರ್‌ಗೆ ಹಣ ಸುರಿಯಬೇಡಿ. ಜಾಗ ತಿನ್ನುತ್ತದೆ, ಬಳಸುವುದು ಅಪರೂಪ. ಪೋರ್ಟಬಲ್ ಕಮೋಡ್ ಮಾತ್ರ ಇರಲಿ. ಮಧ್ಯರಾತ್ರಿ ಮಗುವನ್ನೋ ಅಜ್ಜನನ್ನೋ ಟಾರ್ಚ್ ಹಿಡಿದು ಕರೆದೊಯ್ಯುವ ಕಷ್ಟ ತಪ್ಪುತ್ತದೆ. ಒಲೆ ಹೊರಗೂ ಜೋಡಿಸುವಂತಿರುವ ಮಾದರಿ ಸಿಕ್ಕರೆ ಬಿಡಬೇಡಿ. ಒಗ್ಗರಣೆಯ ಹೊಗೆ ಕ್ಯಾನ್ವಾಸ್‌ಗೆ ಹತ್ತಿದರೆ ಋತು ಪೂರ್ತಿ ಇಂಗಿನ ವಾಸನೆಯಲ್ಲೇ ಮಲಗಬೇಕಾಗುತ್ತದೆ.

ಯೆಲ್ಲೊಸ್ಟೋನ್ ಕನಸು ಇರುವವರು ಗಮನಿಸಿ: ಅಲ್ಲಿನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್‌ನಲ್ಲಿ ಕರಡಿಗಳ ಕಾರಣದಿಂದ ಕ್ಯಾನ್ವಾಸ್ ಗೋಡೆಯ ಕ್ಯಾಂಪರ್‌ಗೆ ಪ್ರವೇಶವಿಲ್ಲ, ಬೇರೆ ಕ್ಯಾಂಪ್‌ಗ್ರೌಂಡ್ ಹಿಡಿಯಬೇಕು. ಯೊಸೆಮಿಟಿಯಲ್ಲಿ ಬಿಡುತ್ತಾರೆ, ಆದರೆ ಆಹಾರವೆಲ್ಲ ಅಲ್ಲಿನ ಉಕ್ಕಿನ ಪೆಟ್ಟಿಗೆಯಲ್ಲಿರಬೇಕು. ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆಯೂ ಅಲ್ಲಿಗೇ.

ಹೆಜ್ಜೆ 4: ಮಾರುವವರ ಅಂಗಳದಲ್ಲಿ

ಹಗಲಲ್ಲಿ ಹೋಗಿ, ಮಳೆ ಬಿದ್ದ ಮರುದಿನವಾದರೆ ಇನ್ನೂ ಒಳ್ಳೆಯದು. ಟಾರ್ಚ್, ಸ್ಕ್ರೂಡ್ರೈವರ್, ಒಂದು ಬಾಟಲಿ ಸಾಬೂನು ನೀರು ಜೊತೆಗಿರಲಿ. ಫ್ರಿಜ್ ಇದ್ದರೆ ಹಿಂದಿನ ರಾತ್ರಿಯೇ ಕರೆಂಟಿಗೆ ಹಾಕಿಡಲು ಫೋನಿನಲ್ಲಿ ಹೇಳಿ. ಈ ಫ್ರಿಜ್‌ಗಳು ತಣ್ಣಗಾಗಲು ಹಲವು ಗಂಟೆ ಬೇಕು, ನೀವು ನಿಂತ ಅರ್ಧ ಗಂಟೆಯಲ್ಲಿ ಏನೂ ತಿಳಿಯುವುದಿಲ್ಲ.

ಮೊದಲು ಮೂಗು. ಒಳಗೆ ಮುಗ್ಗಲು ವಾಸನೆ ಬಂದರೂ, ಏರ್ ಫ್ರೆಶ್ನರ್ ಘಮ ಅತಿಯಾದರೂ ಅನುಮಾನಪಡಿ. ನೆಲ ಮತ್ತು ಗೋಡೆ ಸೇರುವ ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ: ನಾಲ್ಕು ಮೂಲೆ, ಸಿಂಕಿನ ಕೆಳಗೆ, ನೀರಿನ ಟ್ಯಾಂಕಿನ ಸುತ್ತ, ಬಾಗಿಲ ಹೊಸ್ತಿಲು. ಗಟ್ಟಿ ಪ್ಲೈವುಡ್ ಬಗ್ಗುವುದಿಲ್ಲ. ನೀರು ಕುಡಿದದ್ದು ಚಹಾದಲ್ಲಿ ಅದ್ದಿದ ರಸ್ಕಿನಂತೆ ಒಳಗೆ ಹೋಗುತ್ತದೆ. ಛಾವಣಿಯ ಒಳಮೈಯಲ್ಲಿ ಕಂದು ಕಲೆ, ಉಬ್ಬು, ನಡುವೆ ಜೋತ ಭಾಗ ಹುಡುಕಿ. ಹೊರಗೆ ಅಂಚುಗಳ ಮೇಲೆ ಸಿಲಿಕೋನ್ ಬಳಿದಿದ್ದರೆ ಯಾರೋ ಸೋರಿಕೆಯನ್ನು ಅವಸರದಲ್ಲಿ ಮುಚ್ಚಿದ್ದಾರೆ ಎಂದು ತಿಳಿಯಿರಿ; ಸಿಲಿಕೋನ್ ಮೇಲೆ ಮುಂದೆ ಬೇರೆ ಯಾವ ಸೀಲಂಟೂ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. 1990ರ ದಶಕದ ಕೊನೆ, 2000ದ ಆರಂಭದ ಕೆಲವು ಕೋಲ್‌ಮನ್ ಮಾದರಿಗಳಲ್ಲಿ ಎಬಿಎಸ್ ಪ್ಲಾಸ್ಟಿಕ್ ಛಾವಣಿ ಇದ್ದು, ಬಿರುಕು ಬಿಡುವುದಕ್ಕೆ ಅವು ಹೆಸರಾದವು. ಅಂಥದ್ದಾದರೆ ಏಣಿ ಹಾಕಿ ಮೇಲ್ಮೈ ನೋಡದೆ ಮಾತಾಡಬೇಡಿ. ನೆಲ ಅಥವಾ ಛಾವಣಿ ಮೆತ್ತಗಿದ್ದರೆ ಬೆಲೆ ಎಷ್ಟೇ ಇಳಿಸಲಿ, ನಮಸ್ಕಾರ ಹೇಳಿ ಹೊರಡಿ.

ಆಮೇಲೆ ಮಾಲೀಕರಿಂದಲೇ ಪೂರ್ತಿ ಬಿಚ್ಚಿಸಿ. ಕ್ರಮ ಹೀಗಿದೆ: ಎಡ-ಬಲ ಮಟ್ಟ ಮಾಡುವುದು, ಚಕ್ರಕ್ಕೆ ಅಡೆ ಕೊಡುವುದು, ಮೂತಿಯ ಜ್ಯಾಕ್‌ನಿಂದ ಹಿಂದು-ಮುಂದು ಮಟ್ಟ, ನಾಲ್ಕು ಮೂಲೆಯ ಊರುಗಾಲು ಇಳಿಸುವುದು, ಛಾವಣಿಯ ಕೊಂಡಿಗಳನ್ನೆಲ್ಲ ಬಿಚ್ಚುವುದು, ಹ್ಯಾಂಡಲ್ ತಿರುಗಿಸುವುದು, ಹಾಸಿಗೆ ಎಳೆದು ಅದರ ಕೆಳಗೆ ಆಸರೆ ಕಂಬಿ ಕೊಡುವುದು, ಕೊನೆಗೆ ಬಾಗಿಲು ಮತ್ತು ಕ್ಯಾನ್ವಾಸ್. ಊರುಗಾಲು ಇರುವುದು ಅಲುಗಾಟ ತಡೆಯಲು, ಗಾಡಿ ಎತ್ತಲು ಅಲ್ಲ. ಅದರಿಂದ ಎತ್ತಿದರೆ ಚೌಕಟ್ಟು ತಿರುಚಿ ಬಾಗಿಲು ಕೂರುವುದಿಲ್ಲ. ಒಂದು ಕೊಂಡಿ ಮರೆತು ತಿರುಗಿಸಿದರೆ ಕೇಬಲ್ ಹರಿಯುತ್ತದೆ. ಛಾವಣಿ ಏಳುವಾಗ ದೂರ ನಿಂತು ನೋಡಿ, ನಾಲ್ಕೂ ಮೂಲೆ ಒಟ್ಟಿಗೆ ಏಳಬೇಕು. ಒಂದು ಹಿಂದೆ ಬಿದ್ದರೆ ಕೇಬಲ್ ಸಡಿಲಾಗಿದೆ ಅಥವಾ ರಾಟೆ ಸವೆದಿದೆ. ಇಳಿಸುವಾಗ ಹ್ಯಾಂಡಲ್ ಕೈ ತಪ್ಪಿ ಗಿರ್ರನೆ ಸುತ್ತುವ ಹಳೆಯ ವಿಂಚ್ (ಛಾವಣಿ ಏರಿಸಿ ಇಳಿಸುವ ಯಂತ್ರ) ಆದರೆ ಬ್ರೇಕ್ ಇರುವ ವಿಂಚ್‌ಗೆ ಬದಲಿಸಿಕೊಳ್ಳಿ, ಮುಂಗೈ ಮುರಿಯುವ ವಸ್ತು ಅದು. ಮಕ್ಕಳು ಆ ಹೊತ್ತಿಗೆ ಒಳಗೂ ಪಕ್ಕದಲ್ಲೂ ಇರಕೂಡದು. ಅವರು ಬಿಚ್ಚಿದ್ದನ್ನು ನೀವೇ ಮಡಚಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಕ್ಯಾನ್ವಾಸ್‌ನ ಒಳಗೆ ನಿಂತು ಬಾಗಿಲು ಮುಚ್ಚಿ. ಸೂಜಿಮೊನೆಯಷ್ಟು ಬೆಳಕು ಎಲ್ಲೆಲ್ಲಿ ತೂರುತ್ತದೆ ಎಂದು ಕಾಣುತ್ತದೆ. ಹೊಲಿಗೆ ಮೊದಲು ಬಿಡುವುದು ಹಾಸಿಗೆಯ ಮೂಲೆಗಳಲ್ಲಿ, ಮಡಿಕೆ ಬೀಳುವಲ್ಲಿ. ಸಣ್ಣ ತೂತಿಗೆ ತೇಪೆ, ಸೋರುವ ಹೊಲಿಗೆಗೆ ಸೀಮ್ ಸೀಲರ್ ಸಾಕು. ಕರಿ ಚುಕ್ಕೆಯ ಬೂಷ್ಟು ವ್ಯಾಪಕವಾಗಿದ್ದರೆ, ಇಲಿ ಕಡಿದಿದ್ದರೆ ಹೊಸ ಕ್ಯಾನ್ವಾಸ್ ಬೇಕಾಗುತ್ತದೆ. ಅದರ ಖರ್ಚು ಸಾವಿರ ಡಾಲರ್ ದಾಟುತ್ತದೆ, ಬೆಲೆಯಿಂದ ಕಳೆಯಲು ಹೇಳಿ. ಬ್ಲೀಚ್ ಹಾಕಿ ತೊಳೆದದ್ದು ಬೆಳ್ಳಗೆ ಕಂಡರೂ ನೀರು ತಡೆಯುವ ಲೇಪ ಹೋಗಿರುತ್ತದೆ.

ಟೈರ್ ಹೂವು ಚೆನ್ನಾಗಿದೆ ಎಂದು ಸಮಾಧಾನಪಡಬೇಡಿ. ಬದಿಯಲ್ಲಿ ಡಿಒಟಿ ಅಕ್ಷರಗಳ ಕೊನೆಗೆ ನಾಲ್ಕಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ಬದಲಿಸಬೇಕು, ಕೂತು ಕೂತು ರಬ್ಬರ್ ಒಳಗೇ ಒಡೆದಿರುತ್ತದೆ. ಕಾರಿನ ಟೈರ್ ಅಲ್ಲ, ಎಸ್‌ಟಿ ಗುರುತಿನ ಟ್ರೇಲರ್ ಟೈರ್. ಬೇರಿಂಗ್‌ಗೆ ಗ್ರೀಸ್ ಯಾವಾಗ ತುಂಬಿಸಿದ್ದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ ಮೊದಲ ದೂರಪ್ರಯಾಣಕ್ಕೆ ಮುಂಚೆ ನೀವೇ ತುಂಬಿಸಿಬಿಡಿ.

ಪ್ರೊಪೇನ್ ಕವಾಟ ತೆರೆದು ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಒಲೆ, ಹೀಟರ್ ಹೊತ್ತಿಸಿ ನೋಡಿ. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂಗಳ ಹಿಂದೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಟೆಸ್ಟ್ ಬಟನ್ ಒತ್ತಿದಾಗ ಸದ್ದು ಬಂದರೂ ಅವಧಿ ಮೀರಿದ್ದರೆ ಹೊಸದು ಹಾಕಿ.

ಹೆಜ್ಜೆ 5: ಕಾಗದ, ಮತ್ತು ಮನೆಗೆ ತರುವುದು

ಟೈಟಲ್ (ಮಾಲೀಕತ್ವದ ಪತ್ರ) ಮೇಲಿನ ವಿಐಎನ್ (ವಾಹನದ ಗುರುತು) ಸಂಖ್ಯೆ ಟ್ರೇಲರ್ ಫಲಕದ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಟೈಟಲ್ ಕಳೆದಿದೆ, ಆಮೇಲೆ ಕೊಡುತ್ತೇನೆ ಎಂದರೆ ಹಣವೂ ಆಮೇಲೆ. ಕಾರಿನ ವಿಮೆ ಟ್ರೇಲರ್‌ನಿಂದ ಬೇರೆಯವರಿಗಾದ ಹಾನಿಗೆ ಸಾಮಾನ್ಯವಾಗಿ ಅನ್ವಯಿಸುತ್ತದೆ, ಟ್ರೇಲರ್‌ಗೇ ಆದ ನಷ್ಟಕ್ಕೆ ಅಲ್ಲ. ಏಜೆಂಟ್ ಬಳಿ ಕೇಳಿ.

ಹೊರಡುವಾಗ ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ದಾಟಿಸಿ ಕಟ್ಟಿ. ದೀಪ, ಇಂಡಿಕೇಟರ್ ಪರೀಕ್ಷಿಸಿ. ಐವತ್ತು ಮೈಲಿಯ ನಂತರ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ನೋಡಿ, ಚಕ್ರದ ನಡುವಿನ ಹಬ್ ಅನ್ನು ಕೈಯಿಂದ ಮುಟ್ಟಿ: ಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಸುಟ್ಟರೆ ಬೇರಿಂಗ್ ಕೆಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ವೇಗಮಿತಿ 55 ಮೈಲಿ.

ಮೊದಲ ರಾತ್ರಿ ಮನೆಯ ಡ್ರೈವ್‌ವೇನಲ್ಲೇ ಮಲಗಿ, ಎರಡನೆಯದು ಒಂದು ಗಂಟೆ ದೂರದ ಸ್ಟೇಟ್ ಪಾರ್ಕ್‌ನಲ್ಲಿ. ಮಳೆಯಲ್ಲಿ ನೆನೆದ ಕ್ಯಾನ್ವಾಸನ್ನು ಮಡಚಿ ತರಬೇಕಾಗಿ ಬಂದರೆ, ಎಷ್ಟೇ ದಣಿದಿದ್ದರೂ ಒಂದೆರಡು ದಿನದೊಳಗೆ ಮತ್ತೆ ಬಿಚ್ಚಿ ಪೂರ್ತಿ ಒಣಗಿಸಿ. ಬೂಷ್ಟು ಹಿಡಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಿಲ್ಲ.