ಆಷಾಢದ ಮಳೆಯಲ್ಲಿ ಕಾಗದದ ಕೃತಿಗಳ ಪ್ರದರ್ಶನ: ನನ್ನ ಅನುಭವ

ಕರಾವಳಿಯ ಹಂಚಿನ ಮನೆ, ಜುಲೈ ತಿಂಗಳು, ಜಲವರ್ಣ, ಎಚ್ಚಿಂಗ್ (ಆಮ್ಲದಿಂದ ಕೊರೆದ ಲೋಹದ ತಗಡಿನ ಅಚ್ಚುಚಿತ್ರ) ಸೇರಿ 40 ಚಿಲ್ಲರೆ ಕೃತಿಗಳು. ‘ಬೂಷ್ಟು ಹಿಡಿಯದೆ ಇರತ್ತಾ?’ ಅಂತ ನಕ್ಕವರೇ ಹೆಚ್ಚು. 5 ವಾರ ತೂಗುಹಾಕಿದ್ದೆ, ಒಂದಕ್ಕೂ ಹಿಡಿಯಲಿಲ್ಲ.

ಕೋಣೆಯನ್ನೇ ಒಣಗಿಸಲು ಹೊರಟದ್ದು ಮೊದಲ ದಡ್ಡತನ. ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್ ಬಾಡಿಗೆಗೆ ಸುಮಾರು 18 ಸಾವಿರ ಹೋಯಿತು. ಹಂಚಿನ ಸಂದಿಯಿಂದ ಗಾಳಿ ನುಗ್ಗುತ್ತಲೇ ಇತ್ತು, ಆರ್ದ್ರತೆಯ ಮೀಟರು ಶೇ. 85ರಿಂದ ಕೆಳಗಿಳಿಯಲಿಲ್ಲ. ಆಮೇಲೆ ಫ್ರೇಮಿನೊಳಗೆ ತೇವ ಹೀರುವ ಹರಳು, ಸಿಲಿಕಾ ಜೆಲ್ ಇಟ್ಟು ನೋಡಿದೆ. ಪೂರ್ತಿ ಒಣಗಿದ ಜೆಲ್ ಕಾಗದದ ತೇವವನ್ನೇ ಹೀರಿ, ಪ್ರಯೋಗದ ಹಾಳೆಗಳು ಹಪ್ಪಳದಂತೆ ಸೊಟ್ಟಗಾದವು.

ಗೆದ್ದದ್ದು ಹೀಗೆ: ಕೃತಿ, ಮೌಂಟ್ (ಚಿತ್ರದ ಸುತ್ತಲಿನ ದಪ್ಪ ರಟ್ಟು), ಹಿಂದಿನ ಬೋರ್ಡು ಎಲ್ಲವನ್ನೂ ಶೇ. 50ರ ಆಸುಪಾಸು ಆರ್ದ್ರತೆಯ ಏಸಿ ಕೋಣೆಯಲ್ಲಿ 4 ದಿನ ಬಿಡಿಬಿಡಿಯಾಗಿ ಹರಡಿಟ್ಟು, ಅಲ್ಲೇ ಗಾಜಿನ ಅಂಚಿನಿಂದ ಬೆನ್ನಿನವರೆಗೆ ಅಲ್ಯೂಮಿನಿಯಂ ಟೇಪು ಸುತ್ತಿ ಮುಚ್ಚಿದ್ದು. ಆ್ಯಸಿಡ್ ಇಲ್ಲದ ಹತ್ತಿಯ ಬೋರ್ಡೇ ಒಳಗಿನ ತೇವವನ್ನು ಸರಿದೂಗಿಸುತ್ತದೆ, ಜೆಲ್ ಬೇಡ. ಬೆನ್ನಿಗೆ ಪಾಲಿಯೆಸ್ಟರ್ ಹಾಳೆ ಮರೆತರೆ ಟೇಪೂ ದಂಡ. ಬೋರ್ಡಿನ ಮೂಲಕವೇ ತೇವ ಇಳಿಯುತ್ತದೆ. ಫ್ರೇಮಿಗೆ 500 ರೂಪಾಯಿಯಷ್ಟು ಹೆಚ್ಚುವರಿ ಖರ್ಚು. ಮೂಲೆಯಲ್ಲಿ ಟೇಪು ಸುಕ್ಕಾಗದಂತೆ ಮಡಚುವ ಕೈಚಳಕವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮಳೆ ಬಡಿಯುವ ಹೊರಗೋಡೆಗೆ ಏನನ್ನೂ ಹಾಕಲಿಲ್ಲ. ಉಳಿದ ಕಡೆ ಫ್ರೇಮಿನ ಬೆನ್ನಿಗೆ ಕಾರ್ಕ್ ತುಂಡು ಅಂಟಿಸಿ ಒಂದಿಂಚು ಗಾಳಿ ಬಿಟ್ಟೆ. ಹ್ಯಾಲೊಜನ್ ದೀಪ ಇನ್ನೊಂದು ಎಡವಟ್ಟು: ಬಿಸಿಗೆ ಒಳಗಿನ ಕಾಗದ ತೇವ ಬಿಟ್ಟು, ರಾತ್ರಿ ಗಾಜಿನ ಕೆಳಅಂಚು ಮಂಜಾಯಿತು. ಎಲ್‌ಇಡಿಗೆ ಬದಲಾಯಿಸಿ ಬೆಳಕನ್ನು 50 ಲಕ್ಸ್‌ಗೆ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ಇಳಿಸಿದೆ. ಮೊಬೈಲ್ ಆ್ಯಪಿನಲ್ಲಿ ಲಕ್ಸ್ ಅಳೆಯಬೇಡಿ, ಒಂದೊಂದು ಫೋನು ಒಂದೊಂದು ಹೇಳುತ್ತದೆ.

ಈ ನಡುವೆ ಕೃತಿಗಳ ಬಗ್ಗೆ ಗೋಡೆಗೆ ಹಾಕುವ ಫಲಕಗಳ ಬರಹದಲ್ಲೂ ಕೈಯಾಡಿಸಿದೆ. ಇಂಗ್ಲಿಷಿನ ಸಾಲಿನ ಅಂತರವನ್ನೇ ಕನ್ನಡಕ್ಕೂ ಕೊಟ್ಟರೆ ಒತ್ತಕ್ಷರಗಳು ಕೆಳಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತವೆ. ಸಾಲಿನ ಅಂತರ ಅಕ್ಷರದ ಅಳತೆಯ 1.6 ಪಟ್ಟು, ಅಕ್ಷರ 24 ಪಾಯಿಂಟ್, ಫಲಕಕ್ಕೆ 70 ಪದ. ಕನ್ನಡದಲ್ಲೇ ಮೊದಲು ಬರೆದದ್ದರಿಂದ ಜನ ನಿಂತು ಓದಿದರು.

ಮೂರು ಫ್ರೇಮಿನೊಳಗೆ ಆರ್ದ್ರತೆಯನ್ನು ತಾನೇ ಅಳೆದು ದಾಖಲಿಸುವ ಡೇಟಾ ಲಾಗರ್ ಇಟ್ಟಿದ್ದೆ. ಹೊರಗೆ ಶೇ. 88 ಇದ್ದಾಗಲೂ ಒಳಗೆ 52ರಿಂದ 57. ಕೃತಿ ಕೊಟ್ಟವರಿಗೆ ಸ್ಥಿತಿ ವರದಿಯ ಜೊತೆ ಆ ಗ್ರಾಫನ್ನೂ ಕಳಿಸಿದೆ. ಇಳಿಸಿದ ಮೇಲೆ ಅಲ್ಲೇ ಬಿಚ್ಚುವ ಆತುರ ಬೇಡ. ಮುಚ್ಚಿದ ಹಾಗೇ ಸಾಗಿಸಿ, ಒಣ ಕೋಣೆಯಲ್ಲೇ ಟೇಪು ಕತ್ತರಿಸಬೇಕು.