ಅಟ್ಟದ ಮೇಲಿನ ಪುಟ್ಟ ಇಂಜಿನ್ ಮತ್ತೆ ಹಳಿಗೆ

ನನ್ನ ಸೋದರಮಾವ ಅಮೆರಿಕದಿಂದ ತಂದಿದ್ದ ಮಾಡೆಲ್ ರೈಲು ಇಂಜಿನ್ ಒಂದು ನಮ್ಮ ಮನೆ ಅಟ್ಟದ ಮೇಲೆ ಇಪ್ಪತ್ತು ವರ್ಷ ಮಲಗಿತ್ತು. ಕೆಳಗಿಳಿಸಿದಾಗ ಅದಕ್ಕೆ ಸುತ್ತಿದ್ದ ನ್ಯೂಸ್‌ಪೇಪರ್ ಕೈಯಲ್ಲೇ ಪುಡಿಯಾಯಿತು. ಚಕ್ರಗಳು ಕಪ್ಪಗಾಗಿದ್ದವು. ಬೆರಳಿಂದ ತಳ್ಳಿದರೆ ಒಂದೂ ತಿರುಗಲಿಲ್ಲ. ಇವತ್ತು ಅದೇ ಇಂಜಿನ್ ಕಡುಗೆಂಪು ಬಣ್ಣ ಹಚ್ಚಿಕೊಂಡು ನಮ್ಮ ರೈಲ್ವೆಯ ಹಳೇ ಡೀಸೆಲ್ ಇಂಜಿನ್ನಿನ ಹಾಗೆ ಓಡುತ್ತಿದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ಅಥವಾ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದರೆ, ಎಸೆಯಬೇಡಿ. ಮೊದಲು ಓಡಿಸಿ, ಆಮೇಲೆ ಬಣ್ಣ ಹಚ್ಚಿ, ಕೊನೆಗೆ ಫೋಟೊ ತೆಗೆಯಿರಿ. ಈ ಕ್ರಮ ಮಾತ್ರ ತಪ್ಪಬಾರದು. ಓಡದ ಇಂಜಿನ್ನಿಗೆ ಚೆಂದದ ಬಣ್ಣ ಹಚ್ಚಿದರೆ, ರಿಪೇರಿ ಮಾಡುವಾಗ ಆ ಬಣ್ಣ ಗೀರಿ ಹಾಳಾಗುತ್ತದೆ.

ನಿಮ್ಮ ಹತ್ತಿರ ಇರುವುದು ಏನು?

ಮೊದಲು ಅಳತೆ ನೋಡಿ. ಎರಡು ಹಳಿಗಳ ಒಳ ಅಂಚುಗಳ ನಡುವೆ 16.5 ಮಿ.ಮೀ. ಇದ್ದರೆ ಅದು ಬಹುಶಃ ಎಚ್‌ಒ ಸ್ಕೇಲ್, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಇಂಗ್ಲೆಂಡಿನ ಹಾರ್ನ್‌ಬಿ ಮಾಡೆಲ್‌ಗಳಲ್ಲಿ ಜಾಸ್ತಿ ಕಾಣುವುದು ಡಬಲ್ ಒ ಸ್ಕೇಲ್. ಅದೂ ಇದೇ ಹಳಿಯ ಮೇಲೆ ಓಡುತ್ತದೆ, ಆದರೆ ಗಾತ್ರ ಸ್ವಲ್ಪ ದೊಡ್ಡದು, 76ನೇ ಒಂದು ಭಾಗ. ಹಳಿ 9 ಮಿ.ಮೀ. ಇದ್ದರೆ ಎನ್ ಸ್ಕೇಲ್.

ಇಂಜಿನ್ನಿನ ಹೊಟ್ಟೆಯ ಕೆಳಗೆ ಉದ್ದನೆಯ ಲೋಹದ ಪಟ್ಟಿ ಇದ್ದರೆ ಅದು ಜರ್ಮನಿಯ ಮರ್ಕ್ಲಿನ್ ಕಂಪನಿಯ ಪದ್ಧತಿಯದ್ದು. ಅದಕ್ಕೆ ನಡುವೆ ಮೂರನೇ ಕಾಂಟ್ಯಾಕ್ಟ್ ಇರುವ ಹಳಿಯೇ ಬೇಕು. ಮಾಮೂಲಿ ಎರಡು ಹಳಿಯ ಮೇಲೆ ಇಟ್ಟರೆ ಶಾರ್ಟ್ ಆಗುತ್ತದೆ. ಉಳಿದ ಹಳೇ ಎಚ್‌ಒ ಇಂಜಿನ್‌ಗಳಲ್ಲಿ ಬಹುಪಾಲು 12 ವೋಲ್ಟ್ ಡಿಸಿ ಕರೆಂಟಿನಲ್ಲಿ ಓಡುತ್ತವೆ.

ಇನ್ನೊಂದು ವಿಷಯ. ಲೋಹದ ಅಡಿಭಾಗ ಬಿರುಕು ಬಿಟ್ಟು, ಉಬ್ಬಿ, ಬೆರಳಲ್ಲಿ ಒತ್ತಿದರೆ ಉದುರುತ್ತಿದ್ದರೆ ಅದು ಸತುವಿಗೆ ಹಿಡಿಯುವ ರೋಗ. ಎರಕ ಹೊಯ್ಯುವಾಗ ಸತುವಿನಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ವರ್ಷಗಳ ನಂತರ ಹೀಗಾಗುತ್ತದೆ. ಅದಕ್ಕೆ ಮದ್ದಿಲ್ಲ. ಬಾಡಿಯನ್ನು ಉಳಿಸಿಕೊಂಡು ಬೇರೆ ಅಡಿಭಾಗ ಹುಡುಕಿ.

ಬಿಚ್ಚುವ ಕೆಲಸ

ಪ್ರತಿ ಸ್ಕ್ರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ವೈರ್ ಯಾವುದು ಎಲ್ಲಿಗೆ ಹೋಗಿತ್ತು ಅಂತ ನಾಳೆ ನೆನಪಿರುವುದಿಲ್ಲ. ಮೋಟರಿಗೆ ಕರೆಂಟ್ ಮುಟ್ಟಿಸುವ ಪುಟ್ಟ ಕಾರ್ಬನ್ ತುಂಡುಗಳ (ಬ್ರಷ್‌ಗಳ) ಹಿಂದೆ ಕೂದಲೆಳೆಯಂಥ ಸ್ಪ್ರಿಂಗ್‌ಗಳಿರುತ್ತವೆ. ಮುಚ್ಚಳ ತೆಗೆದ ಕೂಡಲೇ ಅವು ಹಾರಿಹೋಗುತ್ತವೆ. ಅದಕ್ಕೆ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿಕೊಂಡು ಬಿಚ್ಚಿ. ಹಾರಿದರೂ ಕವರಿನಲ್ಲೇ ಬೀಳುತ್ತದೆ.

ಮೋಟರ್ ತೀರಾ ಹಳೆಯದಾಗಿದ್ದು ಅಯಸ್ಕಾಂತ ಹೊರಗೇ ಕಾಣುತ್ತಿದ್ದರೆ ಅದನ್ನು ಮಾತ್ರ ಎಳೆದು ತೆಗೆಯಬೇಡಿ. ಆ ಕಾಲದ ಅಯಸ್ಕಾಂತಗಳು ಜಾಗದಿಂದ ಹೊರಗೆ ಬಂದರೆ ಶಕ್ತಿ ಕಳೆದುಕೊಳ್ಳುತ್ತವೆ.

ನನ್ನ ಇಂಜಿನ್ ಗಟ್ಟಿಯಾಗಿ ಹಿಡಿದುಕೊಂಡಿದ್ದಕ್ಕೆ ಕಾರಣ ಬಿಚ್ಚಿದ ಮೇಲೆ ಗೊತ್ತಾಯಿತು. ಗಿಯರ್ ಹಲ್ಲುಗಳ ನಡುವೆ ಕಂದು ಬಣ್ಣದ ಗೋಂದು. ಚಿಕ್ಕಂದಿನಲ್ಲಿ ಅದು ಕಿರ್ ಅಂದಾಗಲೆಲ್ಲ ಮಾವ, "ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡೋ, ಸರಿ ಹೋಗತ್ತೆ" ಅನ್ನುತ್ತಿದ್ದರು. ನಾನು ಬಿಡುತ್ತಿದ್ದೆ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದ ಹಾಗೆ ಧೂಳು ಸೇರಿ ಅಂಟಾಗುತ್ತದೆ. ಅಡುಗೆಮನೆಯ ಯಾವ ಎಣ್ಣೆಯೂ ಬೇಡ.

ಈ ಅಂಟನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಹಳೇ ಟೂತ್‌ಬ್ರಷ್ ಅದರಲ್ಲಿ ಅದ್ದಿ ಗಿಯರ್ ಉಜ್ಜಿ. ಬೇಗ ಬೆಂಕಿ ಹತ್ತುವ ವಸ್ತು ಅದು. ಕಿಟಕಿ ತೆಗೆದಿರಲಿ, ಹತ್ತಿರ ಒಲೆ ದೀಪ ಬೇಡ.

ಮೋಟರಿನ ಒಂದು ತುದಿಯಲ್ಲಿ ತಾಮ್ರದ ಪುಟ್ಟ ಉರುಳೆ ಇರುತ್ತದೆ. ಅದೇ ಕಮ್ಯುಟೇಟರ್. ಅದು ಮೂರು ಅಥವಾ ಐದು ತುಂಡಾಗಿ ಸೀಳಿರುತ್ತದೆ. ಆ ಸೀಳುಗಳಲ್ಲಿ ಕಾರ್ಬನ್ ಪುಡಿ ತುಂಬಿಕೊಂಡರೆ ಕರೆಂಟ್ ಒಂದು ತುಂಡಿನಿಂದ ಇನ್ನೊಂದಕ್ಕೆ ಸೋರುತ್ತದೆ. ಮೋಟರ್ ಬಿಸಿಯಾಗುತ್ತದೆ, ಓಡುವುದಿಲ್ಲ. ಹಲ್ಲುಕಡ್ಡಿಯ ಚೂಪು ತುದಿಯಿಂದ ಸೀಳನ್ನು ಕೆರೆಯಿರಿ, ಐಪಿಎ ಅದ್ದಿದ ಬಡ್ಸ್‌ನಿಂದ ತಾಮ್ರ ಹೊಳೆಯುವ ತನಕ ಒರೆಸಿ. ನನ್ನ ಇಂಜಿನ್ನಿನಲ್ಲಿ ಅರ್ಧ ರೋಗ ಇಲ್ಲೇ ಇತ್ತು.

ಚಕ್ರಕ್ಕೆ ಮರಳು ಕಾಗದ ಹಾಕಿ ಉಜ್ಜಲೇಬೇಡಿ. ಗೀರು ಬಿದ್ದ ಜಾಗದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಟಿಶ್ಯೂ ಪೇಪರಿಗೆ ಐಪಿಎ ಹಾಕಿ ಒರೆಸಿ, ಸಾಕು. ಕೆಲವು ಚಕ್ರಗಳಿಗೆ ಜಾರದಿರಲಿ ಅಂತ ರಬ್ಬರ್ ಉಂಗುರ ಹಾಕಿರುತ್ತಾರೆ. ಅದು ಗಟ್ಟಿಯಾಗಿ ಬಿರಿದಿದ್ದರೆ ಹೊಸದು ಹಾಕಿ.

ಈಗ ಎಣ್ಣೆ. ಪ್ಲಾಸ್ಟಿಕ್‌ಗೆ ಹಾನಿ ಮಾಡದ ತೆಳುವಾದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು, ಚಕ್ರದ ಅಚ್ಚು, ಅಂದರೆ ಆಕ್ಸಲ್ ತಿರುಗುವ ಕಡೆ ಒಂದೊಂದು ಹನಿ. ಗಿಯರಿಗೆ ಚೂರು ಬಿಳಿ ಗ್ರೀಸ್. ಕಮ್ಯುಟೇಟರಿಗೆ ಏನೂ ಬೇಡ. ಎಲ್ಲ ಜೋಡಿಸಿದ ಮೇಲೆ 9 ವೋಲ್ಟಿನ ಚೌಕದ ಬ್ಯಾಟರಿಯಿಂದ ಎರಡು ವೈರ್ ತಂದು, ಕರೆಂಟ್ ಎತ್ತುವ ಎಡ ಬಲ ಚಕ್ರಗಳಿಗೆ ಮುಟ್ಟಿಸಿ. ಮೊದಲ ಸಲ ತಡವರಿಸಿದರೂ ಪರವಾಗಿಲ್ಲ. ಹತ್ತು ನಿಮಿಷ ಮುಂದಕ್ಕೆ, ಹತ್ತು ನಿಮಿಷ ಹಿಂದಕ್ಕೆ ನಿಧಾನ ಓಡಿಸಿ. ಆ ಸದ್ದು ಕಿರ್‌ನಿಂದ ಗುಂಯ್‌ಗೆ ತಿರುಗುವುದನ್ನು ಕೇಳುವ ಖುಷಿಯೇ ಬೇರೆ.

ಬಲ್ಬ್ ಸುಟ್ಟಿದ್ದರೆ ಎಲ್‌ಇಡಿ ಹಾಕಿ, ಜೊತೆಗೆ 1000 ಓಮ್‌ನ ರೆಸಿಸ್ಟರ್ ಇರಲಿ. ಎಲ್‌ಇಡಿಯಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಹರಿಯುವುದರಿಂದ ಇಂಜಿನ್ ಮುಂದೆ ಹೋಗುವಾಗ ಮುಂದಿನ ದೀಪ, ಹಿಂದೆ ಬರುವಾಗ ಹಿಂದಿನ ದೀಪ ತಾನಾಗಿ ಉರಿಯುವ ಹಾಗೆ ಜೋಡಿಸಬಹುದು.

ನಮ್ಮ ರೈಲು ಮಾಡೋಣ

ಬಣ್ಣ ಕೆರೆಯುವ ಮೊದಲು ಒಂದು ಮಾತು. ಮಾಡೆಲ್ ಹಳೆಯದಾಗಿದ್ದು, ಮೂಲ ಬಣ್ಣ ಚೆನ್ನಾಗಿದ್ದು, ಡಬ್ಬವೂ ಇದ್ದರೆ ಅದನ್ನು ಹಾಗೇ ಬಿಡಿ. ಸಂಗ್ರಹ ಮಾಡುವವರಿಗೆ ಮೂಲ ಬಣ್ಣವೇ ಮುಖ್ಯ. ಬಣ್ಣ ಉದುರಿ ಹೋಗಿದ್ದರೆ ಮಾತ್ರ ಕೈ ಹಾಕಿ.

ನನ್ನದು ಎಚ್‌ಒ ಸ್ಕೇಲಿನ, ಆರು ಆಕ್ಸಲ್‌ನ ಆಲ್ಕೋ ಕಂಪನಿ ಮಾದರಿಯ ಇಂಜಿನ್. ನಮ್ಮ ರೈಲ್ವೆಯ ಹಳೇ ಡೀಸೆಲ್ ಇಂಜಿನ್ ಡಬ್ಲ್ಯುಡಿಎಂ-2ರ ವಿನ್ಯಾಸವೂ ಅಮೆರಿಕದ ಆಲ್ಕೋದವರದ್ದೇ. 1962ರಲ್ಲಿ ಮೊದಲ ಇಂಜಿನ್‌ಗಳು ಅಲ್ಲಿಂದ ಬಂದವು, ಆಮೇಲೆ ವಾರಾಣಸಿಯಲ್ಲಿ ತಯಾರಾದವು. ಹಾಗಾಗಿ ಎರಡಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಚಕ್ರದ ಚೌಕಟ್ಟು ನೋಡಿ. ಅದರಲ್ಲಿ ಮೂರು ಆಕ್ಸಲ್‌ಗಳು ಸಮ ದೂರದಲ್ಲಿ ಇರುವುದಿಲ್ಲ, ಎರಡು ಹತ್ತಿರ, ಒಂದು ದೂರ. ಡಬ್ಲ್ಯುಡಿಎಂ-2ರದ್ದೂ ಹಾಗೇ. (ರೈಲ್ವೆಯವರು ಬೋಗಿ ಅನ್ನುವುದು ಈ ಚೌಕಟ್ಟಿಗೆ. ನಾವು ಪ್ರಯಾಣ ಮಾಡುವ ಡಬ್ಬಿಗೆ ಬೋಗಿ ಅನ್ನುತ್ತೇವೆ.) ಆದರೆ ಅಮೆರಿಕದ ಇಂಜಿನ್ನಿಗೆ ಮುಂದೆ ಬಫರ್, ಅಂದರೆ ಡಿಕ್ಕಿಯ ಪೆಟ್ಟು ತಡೆಯುವ ತಟ್ಟೆ, ಇರುವುದಿಲ್ಲ. ನಮ್ಮದಕ್ಕೆ ಎರಡು ಕಡೆ ದುಂಡನೆ ಬಫರ್ ಬೇಕೇ ಬೇಕು. ನಾನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಬಿಲ್ಲೆ ಕತ್ತರಿಸಿ, ಪೆನ್ನಿನ ಲೋಹದ ರೀಫಿಲ್ ತುಂಡಿಗೆ ಅಂಟಿಸಿ ಮಾಡಿಕೊಂಡೆ. ಅಷ್ಟರಲ್ಲೇ ಇಂಜಿನ್ನಿನ ಮುಖ ನಮ್ಮದಾಯಿತು.

ಇಂಥ ವಿವರ ಬೇಕಾದರೆ ನಿಜವಾದ ರೈಲನ್ನು ನೋಡಿ ಬರಬೇಕು. ಉಗಿ ಇಂಜಿನ್ ಮಾಡುವ ಆಸೆ ಇದ್ದರೆ ಮೈಸೂರಿನ ರೈಲು ಮ್ಯೂಸಿಯಂಗೆ ಒಂದು ಪೂರ್ತಿ ಬೆಳಗ್ಗೆ ಕೊಡಿ. 1979ರಿಂದ ಇರುವ ಜಾಗ. ರಿವೆಟ್, ಪೈಪ್, ಏಣಿ ಎಲ್ಲವನ್ನೂ ಹತ್ತಿರದಿಂದ ನೋಡಬಹುದು.

ಬಣ್ಣ ತೆಗೆಯಲು ಬಾಡಿಯನ್ನು ಐಪಿಎಯಲ್ಲಿ ಮುಳುಗಿಸಿಡಿ. ಕೆಲವು ಬಣ್ಣ ಒಂದು ಗಂಟೆಗೆ ಬಿಡುತ್ತದೆ, ಕೆಲವಕ್ಕೆ ರಾತ್ರಿಯಿಡೀ ಬೇಕು. ಮೊದಲು ಒಳಗಡೆ, ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ. ನಾನು ಒಂದು ಡಬ್ಬಿಯ ಬಾಡಿಗೆ ಥಿನ್ನರ್ ಹಚ್ಚಿ, ಕಿಟಕಿಗಳೆಲ್ಲ ಮೇಣದಂತೆ ಕರಗಿ ಹೋದದ್ದನ್ನು ನೋಡಿದ್ದೇನೆ. ಆ ಡಬ್ಬಿ ಮತ್ತೆ ಸಿಗಲಿಲ್ಲ.

ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಬೂದು ಪ್ರೈಮರ್, ತೆಳ್ಳಗೆ. ಎರಡು ತೆಳು ಕೋಟ್ ಒಂದು ದಪ್ಪ ಕೋಟಿಗಿಂತ ಯಾವತ್ತೂ ಮೇಲು. ದಪ್ಪ ಹೊಡೆದರೆ ರಿವೆಟ್‌ಗಳೆಲ್ಲ ಮುಚ್ಚಿಹೋಗುತ್ತವೆ. ಮಳೆಗಾಲದಲ್ಲಿ ಸ್ಪ್ರೇ ಮಾಡಬೇಡಿ. ಗಾಳಿಯಲ್ಲಿ ತೇವ ಇದ್ದರೆ ಬಣ್ಣದ ಮೇಲೆ ಹಾಲಿನಂಥ ಮಬ್ಬು ಕೂರುತ್ತದೆ. ಮಂಗಳೂರು ಕಡೆಯವರು ಬಿಸಿಲು ನೋಡಿಯೇ ಕೆಲಸ ಹಿಡಿಯಿರಿ.

ಕಡುಗೆಂಪು ಬಾಡಿಗೆ ಹಳದಿ ಪಟ್ಟಿ ಬೇಕು ಅಂದುಕೊಳ್ಳಿ. ಮೊದಲು ಹಳದಿ ಹೊಡೆಯಿರಿ. ಅದು ಪೂರ್ತಿ ಒಣಗಿದ ಮೇಲೆ ಪಟ್ಟಿಯ ಅಗಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಆಮೇಲೆ ಟೇಪಿನ ಅಂಚಿಗೆ ಮತ್ತೊಮ್ಮೆ ಹಳದಿಯನ್ನೇ ತೆಳ್ಳಗೆ ಹೊಡೆಯಿರಿ. ಟೇಪಿನ ಅಡಿಗೆ ನುಸುಳುವುದು ಏನಿದ್ದರೂ ಹಳದಿಯೇ ನುಸುಳಿ ಸಂದು ಮುಚ್ಚುತ್ತದೆ. ಅದರ ಮೇಲೆ ಕಡುಗೆಂಪು ಹೊಡೆದು ಟೇಪ್ ಕಿತ್ತರೆ ಗೆರೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಬರುತ್ತದೆ. ಕೆಂಪಿಗೆ ಒಂದೆರಡು ಹನಿ ಬಿಳಿ ಬೆರೆಸಿ. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಜಾಸ್ತಿ ಕಪ್ಪಾಗಿ ಕಾಣುತ್ತದೆ.

ನಂಬರ್, ಇಂಜಿನ್ ನಿಲ್ಲುವ ಷೆಡ್ಡಿನ ಹೆಸರು ಇವಕ್ಕೆ ನೀರಿನಲ್ಲಿ ಅದ್ದಿ ಅಂಟಿಸುವ ಡೆಕಾಲ್ ಬೇಕು. ಮನೆಯ ಪ್ರಿಂಟರ್ ಬಿಳಿ ಅಕ್ಷರ ಮುದ್ರಿಸುವುದಿಲ್ಲ, ಹಾಗಾಗಿ ಅದನ್ನು ಮಾಡಿಸಿಕೊಳ್ಳುವುದೇ ವಾಸಿ. ಡೆಕಾಲ್ ಅಂಟಿಸುವ ಮೊದಲು ಹೊಳೆಯುವ ವಾರ್ನಿಷ್, ಅಂಟಿಸಿದ ಮೇಲೆ ಮ್ಯಾಟ್ ವಾರ್ನಿಷ್. ಒರಟು ಮೈ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸೇರಿ ಬೆಳ್ಳಿಯಂತೆ ಹೊಳೆಯುತ್ತದೆ.

ಸ್ಟೇಷನ್ ಬೋರ್ಡ್ ಮಾತ್ರ ಮನೆಯಲ್ಲೇ ಮಾಡಬಹುದು. ಹಳದಿ ಮೇಲೆ ಕಪ್ಪಕ್ಷರ, ಫೋಟೊ ಪೇಪರ್ ಸಾಕು. ನಾನು ಚಿಕ್ಕಜಾಜೂರು ಅಂತ ಬರೆಸಿದೆ. 30 ಸೆಂ.ಮೀ. ಎತ್ತರದ ಅಕ್ಷರ ಇಲ್ಲಿ ಸುಮಾರು ಮೂರೂವರೆ ಮಿ.ಮೀ. ಆಗುತ್ತದೆ. ಅಷ್ಟು ಚಿಕ್ಕದರಲ್ಲಿ ಇಂಗ್ಲಿಷ್ ಸಲೀಸಾಗಿ ಬಂತು, "ಕ್ಕ"ದ ಒತ್ತು ಮಾತ್ರ ಚುಕ್ಕೆಯಾಗಿ ಹೋಯಿತು. ಗೆರೆ ತೆಳ್ಳಗಿರುವ ಬೇರೆ ಫಾಂಟ್ ಹಾಕಿದ ಮೇಲೆ ಒತ್ತು ಬಿಡಿಸಿಕೊಂಡು ಕಂಡಿತು. ಕನ್ನಡ ಅಕ್ಷರಕ್ಕೆ ಆ ಶ್ರಮ ಪಡಲೇಬೇಕು, ಅಲ್ವಾ?

ಕೊನೆಗೆ ಕೊಳೆ. ಹೊಸ ಬಣ್ಣದ ಇಂಜಿನ್ ಆಟಿಕೆಯಂತೆಯೇ ಕಾಣುತ್ತದೆ. ಕಂದು, ಕಪ್ಪು ಪೇಸ್ಟಲ್ ಚಾಕ್ ಅನ್ನು ಬ್ಲೇಡಿನಲ್ಲಿ ಕೆರೆದು ಪುಡಿ ಮಾಡಿ. ಹೊಗೆ ಬರುವ ಜಾಗದ ಸುತ್ತ ಕಪ್ಪು, ಚಕ್ರಗಳ ಸುತ್ತ ಬ್ರೇಕಿನ ಕಂದು ಧೂಳು. ಮೆತ್ತನೆ ಬ್ರಷ್‌ನಲ್ಲಿ ಸವರಿ. ಸಾಕು ಅನ್ನಿಸುವ ಸ್ವಲ್ಪ ಮೊದಲೇ ನಿಲ್ಲಿಸಿ.

ಹಳಿಯ ಅಡಿಗೆ ಜಲ್ಲಿ

ಫೋಟೊಗೆ ಒಂದು ಮೀಟರ್ ಉದ್ದದ ಹಲಗೆ ಸಾಕು. ರೈಲ್ವೆ ಜಲ್ಲಿಯ 50 ಮಿ.ಮೀ. ಕಲ್ಲು ಈ ಅಳತೆಯಲ್ಲಿ ಅರ್ಧ ಮಿ.ಮೀ.ಗಿಂತ ಸ್ವಲ್ಪ ದಪ್ಪ, ಅಷ್ಟೆ. ಎಂ-ಸ್ಯಾಂಡ್ ಅನ್ನು ಟೀ ಸೋಸುವ ಜರಡಿಯಲ್ಲಿ ಜಾಲಿಸಿಕೊಳ್ಳಿ. ಅದರ ಮೇಲೆ ಅಯಸ್ಕಾಂತ ಆಡಿಸುವುದನ್ನು ಮರೆಯಬೇಡಿ. ಕಬ್ಬಿಣದ ಕಣ ಉಳಿದರೆ ಮೋಟರಿನ ಒಳಗೆ ಹೋಗಿ ಕೂರುತ್ತದೆ. ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಡ್ರಾಪರ್‌ನಲ್ಲಿ ಬಿಡಿ. ಸೋಪು ಇಲ್ಲದಿದ್ದರೆ ಅಂಟು ಮರಳಿನೊಳಗೆ ಇಳಿಯುವುದಿಲ್ಲ.

ಕ್ಯಾಮೆರಾ ಎಲ್ಲಿಡಬೇಕು?

ಪ್ಲಾಟ್‌ಫಾರ್ಮ್ ಇಲ್ಲದ ಕಡೆ ಹಳಿ ಪಕ್ಕ ನಿಂತ ಮನುಷ್ಯನ ಕಣ್ಣು ಸುಮಾರು 1.6 ಮೀಟರ್ ಎತ್ತರದಲ್ಲಿ ಇರುತ್ತದೆ. ಅದನ್ನು 87ರಿಂದ ಭಾಗಿಸಿದರೆ 18 ಮಿ.ಮೀ. ಅಂದರೆ ನಿಮ್ಮ ಲೆನ್ಸ್ ಹಲಗೆಯಿಂದ ಎರಡು ಸೆಂ.ಮೀ. ಒಳಗೇ ಇರಬೇಕು. ಇದಕ್ಕೆ ಸುಲಭ ದಾರಿ ಇದೆ. ಮೊಬೈಲನ್ನು ತಲೆಕೆಳಗಾಗಿ ಹಿಡಿಯಿರಿ. ಮೇಲಿದ್ದ ಲೆನ್ಸ್ ಕೆಳಗೆ ಬರುತ್ತದೆ. ಮೇಲಿಂದ ತೆಗೆದಾಗ ಆಟಿಕೆಯಾಗಿದ್ದ ಇಂಜಿನ್ ಇಲ್ಲಿಂದ ಆಳೆತ್ತರ ನಿಲ್ಲುತ್ತದೆ.

ತೀರಾ ಹತ್ತಿರ ಹೋಗಬೇಡಿ, ಇಂಜಿನ್ನಿನ ಮೂತಿ ಉಬ್ಬಿದಂತೆ ಬರುತ್ತದೆ. ಒಂದಡಿ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ. ದೊಡ್ಡ ಕ್ಯಾಮೆರಾ ಆದರೆ ಹತ್ತಿರದ ವಸ್ತು ಸ್ಪಷ್ಟವಾದಾಗ ಹಿಂದಿನದು ಮಸುಕಾಗುತ್ತದೆ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 11ಕ್ಕೆ ಇಟ್ಟು, ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಎಂಟು ಹತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದು ಮಾಡಬೇಕು. ಮೊಬೈಲಿನ ಸೆನ್ಸರ್ ಚಿಕ್ಕದಾದ್ದರಿಂದ ಈ ತೊಂದರೆ ಕಡಿಮೆ.

ನೇರ ಎದುರಿನಿಂದ ಮಾತ್ರ ತೆಗೆಯಬೇಡಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದು ಎಚ್‌ಒ ಅಳತೆಯಲ್ಲಿ 19.3 ಮಿ.ಮೀ. ಆಗಬೇಕು. ನಾವು ಓಡಿಸುತ್ತಿರುವುದು 16.5ರ ಹಳಿಯ ಮೇಲೆ. ಎದುರಿನಿಂದ ನೋಡಿದರೆ ದೊಡ್ಡ ದೇಹದ ಅಡಿಯಲ್ಲಿ ಕಾಲು ಕಿರಿದಾಗಿದ್ದು ತಕ್ಷಣ ಗೊತ್ತಾಗುತ್ತದೆ. ಓರೆಯಿಂದ ತೆಗೆದರೆ ಕಾಣುವುದಿಲ್ಲ. (ನಮ್ಮ ಮೆಟ್ರೊ ಓಡುವುದು 1435 ಮಿ.ಮೀ. ಹಳಿಯ ಮೇಲೆ. ಮೆಟ್ರೊ ಮಾಡೆಲ್ ಮಾಡುವವರಿಗೆ ಈ ಚಿಂತೆಯೇ ಇಲ್ಲ, ಅಳತೆ ಸರಿಯಾಗಿ ಕೂರುತ್ತದೆ.)

ಬೆಳಕಿಗೆ ಬೆಳಗಿನ ಬಿಸಿಲಿಗಿಂತ ಒಳ್ಳೆಯದು ಇಲ್ಲ. ನಾನು ಏಳು ಗಂಟೆಗೆ ತಾರಸಿ ಮೇಲೆ ಮೇಜು ಹಾಕಿ, ಗೋಡೆಯಿಂದ ಎರಡಡಿ ಒಳಗೆ ಹಲಗೆ ಇಡುತ್ತೇನೆ. ದೂರದ ತೆಂಗಿನ ಮರಗಳು ಇಂಜಿನ್ನಿನ ಹಿಂದೆ ಸರಿಯಾದ ಗಾತ್ರಕ್ಕೆ ಬಂದು ನಿಲ್ಲುತ್ತವೆ. ಮನೆಯೊಳಗೆ ಆದರೆ ಒಂದೇ ದೀಪ, ಎತ್ತರದಲ್ಲಿ, ಒಂದು ಪಕ್ಕದಿಂದ. ಸೂರ್ಯ ಒಬ್ಬನೇ ಆದ್ದರಿಂದ ನೆರಳೂ ಒಂದೇ ಇರಬೇಕು. ಟ್ಯೂಬ್‌ಲೈಟ್ ಆರಿಸಿ.

ತೆಗೆದ ಫೋಟೊವನ್ನು ಸುಮ್ನೆ ನೋಡಿ ಬಿಡಬೇಡಿ. ಪೂರ್ತಿ ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿ. ಬ್ರಷ್ಷಿನ ಕೂದಲು, ಬೆರಳಚ್ಚು, ಡೆಕಾಲಿನ ಅಂಚು, ಕಣ್ಣಿಗೆ ಕಾಣದ್ದೆಲ್ಲ ಅಲ್ಲಿ ಕಾಣುತ್ತದೆ. ಕಳೆದ ವಾರದ ಫೋಟೊದಲ್ಲಿ ನನ್ನ ಇಂಜಿನ್ನಿನ ಎಡಗಡೆ ಬಫರ್ ಅರ್ಧ ಮಿ.ಮೀ. ಕೆಳಗಿರುವುದು ಕಂಡಿತು. ಈ ಭಾನುವಾರ ಅದನ್ನು ಕಿತ್ತು ಮತ್ತೆ ಅಂಟಿಸಬೇಕು.