ಬೆಳಿಗ್ಗೆ ಸ್ಲಿಪ್, ಮಧ್ಯಾಹ್ನ ಸರಿ: ನನ್ನ ಆಕ್ಟೇವಿಯಾ ಆರ್‌ಎಸ್ ಕ್ಲಚ್ ಕಥೆ

ಸವೆದ ಕ್ಲಚ್ ಬಿಸಿಯಾದ ಮೇಲೆ ಸ್ಲಿಪ್ ಆಗುತ್ತದೆ, ಅಂದರೆ ಎಂಜಿನ್ ತಿರುಗಿದರೂ ಬಲ ಪೂರ್ತಿ ಚಕ್ರಕ್ಕೆ ಹೋಗಲ್ಲ; ತಣ್ಣಗಿದ್ದಾಗ ಹಿಡಿಯುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ಗಾಡಿಯದು ಇದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ಮೊದಲ ಸಲ ಐದನೇ ಗೇರಿನಲ್ಲಿ ಕಾಲು ಒತ್ತಿದರೆ ಆರ್‌ಪಿಎಂ ಸೂಜಿ ಮೇಲೇರುತ್ತದೆ, ಗಾಡಿಗೆ ಅದರ ಪರಿವೆಯೇ ಇಲ್ಲ. ಇನ್ನೆರಡು ಸಲ ಒತ್ತಿದ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಎಳೆಯುತ್ತದೆ. ಗ್ಯಾರೇಜಿಗೆ ಒಯ್ಯುವುದು ಹತ್ತು ಗಂಟೆ ಮೇಲೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಲ್ಲೇ ತೆವಳಿಕೊಂಡು. ಅಷ್ಟು ಹೊತ್ತಿಗೆ ಕ್ಲಚ್ ಹೆಡ್‌ಮಾಸ್ಟರ್ ಮುಂದೆ ನಿಂತ ಹುಡುಗನಷ್ಟು ಸಂಭಾವಿತ. ಹಾಗಾಗಿ ಯಾರೂ ನಂಬಲಿಲ್ಲ.

ಗಾಡಿ ಸ್ಕೋಡಾದ ಹಳೇ ಆಕ್ಟೇವಿಯಾ ಆರ್‌ಎಸ್. 2004ರ ಸುಮಾರಿಗೆ ನಮ್ಮಲ್ಲಿಗೆ ಬಂತಲ್ಲ, ಅದೇ 1.8 ಟರ್ಬೊ ಪೆಟ್ರೋಲ್, ಐದು ಗೇರಿನ ಮ್ಯಾನುಯಲ್. ಕಂಪನಿ ಲೆಕ್ಕದಲ್ಲಿ 150 ಪಿಎಸ್, 210 ಎನ್‌ಎಂ. ಮನೆಮಂದಿಯೆಲ್ಲ ಕೂರುವ ಗಾಡಿಯನ್ನು ಸ್ಪೋರ್ಟ್ಸ್ ಕಾರು ಅನ್ನಬಾರದು ಎನ್ನುವವರು ಒಂದು ಸಲ ಓಡಿಸಿ, ಆಮೇಲೆ ಮಾತಾಡಿ. ಹಿಂದಿನ ಓನರ್ ರೀಮ್ಯಾಪ್ ಬೇರೆ ಮಾಡಿಸಿದ್ದರು, ಅಂದರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಏರಿಸಿದ್ದರು.

ಮೊದಲು ಹೋದ ಕಡೆ ಟರ್ಬೊ ಪ್ರೆಷರ್ ಬರ್ತಿಲ್ಲ ಅಂದರು. ಏರ್‌ಫ್ಲೋ ಸೆನ್ಸರ್ ಬದಲಾಯಿತು, ಒಂಬತ್ತು ಸಾವಿರದ ಹತ್ತಿರ. ನಾಲ್ಕು ಇಗ್ನಿಷನ್ ಕಾಯಿಲ್ ಬದಲಾದವು, ಅದೊಂದು ಹನ್ನೊಂದು ಸಾವಿರ. ವ್ಯಾಕ್ಯೂಮ್ ಪೈಪು, ಕ್ಲ್ಯಾಂಪು, ಲೇಬರ್ ಎಲ್ಲ ಸೇರಿ ಇಪ್ಪತ್ತೈದು ದಾಟಿತು. ಗಾಡಿ ಸ್ವಲ್ಪ ಚುರುಕಾಯಿತು, ಅದರಿಂದ ಬೆಳಗಿನ ಸ್ಲಿಪ್ ಇನ್ನೂ ಜಾಸ್ತಿಯಾಯಿತು!

ಎರಡನೆಯವರು ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ಬಿಟ್ಟರು. ಎಂಜಿನ್ ಟಕ್ ಅಂತ ಆಫ್. "ಕ್ಲಚ್ ಕಲ್ಲಿದ್ದ ಹಾಗಿದೆ ಸಾರ್, ನಿಮ್ಮ ಮನಸ್ಸಿಗೆ ಅನಿಸ್ತಿರೋದು ಅಷ್ಟೇ" ಅಂದರು. ಆ ಟೆಸ್ಟಿನ ಬಗ್ಗೆ ನನ್ನದು ಖಡಕ್ ಅಭಿಪ್ರಾಯ. ಪೂರ್ತಿ ಸತ್ತ ಕ್ಲಚ್ಚನ್ನು ಮಾತ್ರ ಅದು ಹಿಡಿಯುತ್ತದೆ. ಐಡಲ್‌ನಲ್ಲಿ ಎಂಜಿನ್ ಕೊಡುವ ಟಾರ್ಕ್ ಎಷ್ಟು, ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿ, ತುಂಬಿದಾಗ ಕೊಡುವುದು ಎಷ್ಟು, ಹೇಳಿ? ಟರ್ಬೊ ಗಾಡಿಗೆ ಅದು ಸುಮ್ನೆ ಶಾಸ್ತ್ರ.

ಮೂರನೇ ಕಡೆ, ಅದು ಸ್ವಲ್ಪ ದೊಡ್ಡ ವರ್ಕ್‌ಶಾಪು, ರೀಮ್ಯಾಪ್ ಮೇಲೆ ತಪ್ಪು ಹೊರಿಸಿದರು. ಹೆವಿ ಕ್ಲಚ್, ಡ್ಯುಯಲ್ ಮಾಸ್ ಫ್ಲೈವೀಲ್ (ಕ್ಲಚ್ ಕೂರುವ, ಎಂಜಿನ್ ತುದಿಯ ಭಾರದ ಚಕ್ರ), ಲೇಬರ್, ಎಲ್ಲ ಸೇರಿ ಒಂದು ಲಕ್ಷದ ಮೇಲೆ ಎಸ್ಟಿಮೇಟು. ಅದರಲ್ಲಿ ಫ್ಲೈವೀಲ್ ಒಂದೇ ನಲವತ್ತೈದು ಸಾವಿರ. ಹಳೆಯದನ್ನು ಬಿಚ್ಚಿ ಕೂಡ ನೋಡಿರಲಿಲ್ಲ. ಆಗ ನಾನೇ ಕೂತೆ.

ನನ್ನ ವಿಧಾನ ದೊಡ್ಡದೇನಲ್ಲ. ಆರ್‌ಪಿಎಂ ಅನ್ನು ಸ್ಪೀಡಿನಿಂದ ಭಾಗಿಸುವುದು. ಗೇರ್ ಒಂದೇ ಇದ್ದು ಕ್ಲಚ್ ಹಿಡಿದಿದ್ದರೆ ಈ ಅಂಕಿ ಅಲ್ಲಾಡಬಾರದು. ಐದನೇ ಗೇರಿನಲ್ಲಿ ನನ್ನ ಗಾಡಿಗೆ ಇದು 28ರ ಹತ್ತಿರ ಬರುತ್ತದೆ, ನಾಲ್ಕರಲ್ಲಿ 34. ಸ್ಪೀಡೋಮೀಟರ್ ಸುಳ್ಳು ಹೇಳಿದರೂ ಪರವಾಗಿಲ್ಲ, ಪ್ರತಿ ಸಲ ಅದೇ ಸುಳ್ಳು ಹೇಳಿದರೆ ಸಾಕು. ಮೊದಲು ಎಂಟುನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ತಂದೆ. ಸೆಕೆಂಡಿಗೆ ಒಂದೋ ಎರಡೋ ರೀಡಿಂಗ್ ಕೊಡುತ್ತಿತ್ತು, ನಡುವೆ ಕನೆಕ್ಷನ್ ಕಟ್. ಕೊನೆಗೆ ಗಾಡಿಯ ಕಂಪ್ಯೂಟರಿನಿಂದ ರೀಡಿಂಗ್ ಎಳೆಯುವ ವ್ಯಾಗ್ ಕೇಬಲ್, ಹಳೇ ಲ್ಯಾಪ್‌ಟಾಪು, ಪಕ್ಕದ ಸೀಟಿನಲ್ಲಿ ಬೈದುಕೊಳ್ಳುತ್ತ ಕೂತ ಭಾಮೈದ. ಬೆಳಿಗ್ಗೆ ಐದೂವರೆಗೆ ಎಬ್ಬಿಸಿದರೆ ಯಾರಾದರೂ ಬೈತಾರೆ, ಅಲ್ವಾ.

ಜಾಗ ನೈಸ್ ರೋಡು, ಕನಕಪುರ ರಸ್ತೆ ಕಡೆಯಿಂದ. ಏರು ಇರುವ ಕಡೆಯೇ ಯಾಕೆ ಬೇಕು ಅಂದರೆ, ಸಮತಟ್ಟಿನಲ್ಲಿ ಕಾಲು ಒತ್ತಿದರೆ ಸ್ಪೀಡ್ ಬೇಗ ಬದಲಾಗುತ್ತದೆ. ಆರ್‌ಪಿಎಂ, ಸ್ಪೀಡ್ ಎರಡರ ರೀಡಿಂಗ್ ಒಂದೇ ಕ್ಷಣದವಲ್ಲ, ಹಾಗಾಗಿ ಇಲ್ಲದ ಸ್ಲಿಪ್ ಕಾಣುತ್ತದೆ. ಏರಿನಲ್ಲಿ ಸ್ಪೀಡ್ ನಿಧಾನ ಏರುತ್ತದೆ, ಅಂಕಿ ನಂಬಬಹುದು. ಅರವತ್ತಕ್ಕಿಂತ ಕೆಳಗಿನ ರೀಡಿಂಗ್ ಬಿಸಾಡಿ, ಸ್ಪೀಡ್ ಒಂದೊಂದೇ ಕಿಲೋಮೀಟರ್ ಹಂತದಲ್ಲಿ ಬರುವುದರಿಂದ ಅಲ್ಲಿ ಗಲಾಟೆ ಜಾಸ್ತಿ. ಇಷ್ಟರ ಮೇಲೂ ಉಳಿಯುವ ಏರುಪೇರನ್ನು ತೆಗೆಯೋಕೆ ನನ್ನ ಶೀಟಿನಲ್ಲಿ ಇನ್ನೊಂದು ಕಾಲಂ ಇದೆ. ಅದು ನನ್ನ ಹತ್ತಿರವೇ ಇರಲಿ.

ಮೊದಲ ಬೆಳಿಗ್ಗೆಯೇ ಸಿಕ್ಕಿತು. 75ರಲ್ಲಿ ಐದನೇ ಗೇರು, ಫುಲ್ ಥ್ರಾಟಲ್. ಬೂಸ್ಟ್ ಬಂದ ಕೂಡಲೇ 28 ಇದ್ದದ್ದು 30, 31, ಒಂದು ಕಡೆ 33. ಸ್ಪೀಡ್ ಇನ್ನೂ 76 ಅಂತಲೇ ಇದೆ. ಕಾಲು ತೆಗೆದರೆ ಮತ್ತೆ 28. ಎರಡನೇ ಸಲ 29ಕ್ಕೆ ನಿಂತಿತು. ಆಮೇಲೆ ಎಷ್ಟು ಒತ್ತಿದರೂ 28. ಸುಟ್ಟ ವಾಸನೆ ಮೊದಲ ಎರಡು ಸಲ ಮಾತ್ರ. ಕ್ಲಚ್ ಪ್ಲೇಟ್ ಸವೆದಿದ್ದರೆ ಹೀಗಾಗಲ್ಲ. ಒತ್ತಿದಷ್ಟೂ ಹದಗೆಡಬೇಕು. ಇಲ್ಲಿ ರಾತ್ರಿ ಏನೋ ಬಂದು ಪ್ಲೇಟಿನ ಮೇಲೆ ಕೂರುತ್ತಿದೆ, ಬೆಳಿಗ್ಗೆ ಸುಟ್ಟು ಹೋಗುತ್ತಿದೆ. ಆಯಿಲ್ಲೇ.

ಪೆಡಲ್ ಬಿಟ್ಟ ಮೇಲೂ ಹೈಡ್ರಾಲಿಕ್ ಪ್ರೆಷರ್ ಉಳಿದು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದಿದೆಯಾ ಅನ್ನುವ ಅನುಮಾನವೂ ಉಳಿಯಬಾರದು ಅಂತ ಒಂದು ಬೆಳಿಗ್ಗೆ ಸ್ಲಿಪ್ ಆದ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಕ್ಲಚ್ ಒತ್ತುವ ಸ್ಲೇವ್ ಸಿಲಿಂಡರಿನ ಬ್ಲೀಡರ್ (ಫ್ಲೂಯಿಡ್ ಹೊರಬಿಡುವ ಸ್ಕ್ರೂ) ಸಡಿಲಿಸಿದೆ. ಪ್ರೆಷರ್ ಉಳಿದಿದ್ದರೆ ಚಿಮ್ಮಬೇಕು. ಬರೀ ಜಿನುಗಿತು. ಅದು ಮುಗಿಯಿತು.

ಈಗ ಯಾವ ಆಯಿಲ್? ಎಂಜಿನ್ನಿನದಾದರೆ ಕ್ರಾಂಕ್‌ನ ಹಿಂದಿನ ಸೀಲು, ಗೇರ್ ಆಯಿಲ್ ಆದರೆ ಕ್ಲಚ್‌ನಿಂದ ಗೇರ್‌ಬಾಕ್ಸಿನೊಳಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲು. ಈ ಎಂಜಿನ್ನಿಗೆ ಕ್ಯಾಮ್ ಕವರಿನಿಂದ ಸೋರುವ ಚಾಳಿ ಇರುವುದರಿಂದ ಕೆಳಗೆಲ್ಲ ಮೊದಲೇ ಒದ್ದೆ, ನೋಡಿ ಹೇಳುವ ಹಾಗಿಲ್ಲ. ಇಲ್ಲಿ ನನ್ನ ಪಾರ್ಕಿಂಗ್ ಪ್ರಯೋಗ. ಆಕ್ಟೇವಿಯಾದಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ, ಬಲಕ್ಕೆ ಎಂಜಿನ್, ಎಡಕ್ಕೆ ಗೇರ್‌ಬಾಕ್ಸು. ಗಾಡಿ ಬಲಕ್ಕೆ ವಾಲಿದರೆ ಗೇರ್ ಆಯಿಲ್ ಕ್ಲಚ್ ಕಡೆ ಬರುತ್ತದೆ, ಎಡಕ್ಕೆ ವಾಲಿದರೆ ಎಂಜಿನ್ ಆಯಿಲ್ ಕ್ಲಚ್ ಕಡೆ ಬರುತ್ತದೆ. ನಮ್ಮ ಮನೆ ಮುಂದಿನ ರಸ್ತೆ ಒಂದು ಬದಿಗೆ ಚೆನ್ನಾಗಿಯೇ ಇಳಿಜಾರು. ಒಂದು ವಾರ ಗಾಡಿಯ ಮೂತಿ ಒಂದು ಕಡೆಗೆ, ಇನ್ನೊಂದು ವಾರ ಅದೇ ಜಾಗದಲ್ಲಿ ಮೂತಿ ಆ ಕಡೆಗೆ. ಸಾಲದು ಅಂತ ಎರಡು ಚಕ್ರದ ಕೆಳಗೆ ಸೆಂಟ್ರಿಂಗ್ ಹಲಗೆ ಬೇರೆ ಇಟ್ಟೆ. ಎದುರು ಮನೆಯವರು "ಏನ್ರೀ, ಪಂಚರ್ರಾ?" ಅಂತ ದಿನಾ ಕೇಳುತ್ತಿದ್ದರು.

ಎಡಕ್ಕೆ ವಾಲಿಸಿದ ವಾರ ಹೆಚ್ಚುಕಡಿಮೆ ಎಲ್ಲ ಬೆಳಿಗ್ಗೆಯೂ 28, ಒಂದೆರಡು ದಿನ 29. ಬಲಕ್ಕೆ ವಾಲಿಸಿದ ವಾರ 32, 33, ಒಂದು ದಿನ 35. ಅಷ್ಟೇ, ಗೇರ್ ಆಯಿಲ್. ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗಿನ ತಳದ ಸಂದಿಗೆ ತಂತಿಗೆ ಸುತ್ತಿದ ಹತ್ತಿ ತೂರಿಸಿ ಮೂಸಿ ನೋಡಿದೆ. ಗೇರ್ ಆಯಿಲಿನ ಆ ಗಂಧಕದ ಗಬ್ಬು ವಾಸನೆ ಒಂದು ಸಲ ಕುಡಿದ ಮೂಗು ಮರೆಯಲ್ಲ.

ನನ್ನ ಹಳೇ ಮೆಕ್ಯಾನಿಕ್ ಅಣ್ಣನಿಗೆ ಶೀಟು ತೋರಿಸಿದೆ. "ಸಾರ್, ಪಾರ್ಕಿಂಗ್ ನೋಡಿ ಸೀಲ್ ಹೋಗಿದೆ ಅನ್ನೋರನ್ನ ನಾನು ನೋಡೇ ಇಲ್ಲ. ಪ್ಲೇಟ್ ತಿಂದುಬಿಟ್ಟಿರುತ್ತೆ, ಬೇಕಾದ್ರೆ ಬೆಟ್ಟು" ಅಂದರು. ಬೆಟ್ಟು ಕಟ್ಟಿದೆವು. ಸೋತವರು ಲೇಬರ್‌ನಲ್ಲಿ ನೋಡಿಕೊಳ್ಳಬೇಕು.

ಗೇರ್‌ಬಾಕ್ಸ್ ಇಳಿಸಿದೆವು. ಇನ್‌ಪುಟ್ ಶಾಫ್ಟಿನ ಸೀಲ್ ಕೂತಿರುವ ಗೈಡ್ ಸ್ಲೀವ್ ಬುಡದಿಂದ ಕೆಳಗೆ ಬೆರಳಗಲದ ಹೊಳೆಯುವ ಗೀಟು, ಬೆಲ್ ಹೌಸಿಂಗ್ ತಳದಲ್ಲಿ ಕ್ಲಚ್ ಧೂಳು ಆಯಿಲ್ ಕಲಸಿದ ಕಪ್ಪು ಪೇಸ್ಟು. ಪ್ಲೇಟಿನ ಗೇರ್‌ಬಾಕ್ಸ್ ಕಡೆಯ ಮುಖ ಕಪ್ಪಗೆ ಗಾಜಿನ ಹಾಗೆ ಮಿರುಗುತ್ತಿತ್ತು. ಇನ್ನೊಂದು ಮುಖ ಸಾಕಷ್ಟು ಒಣಗಿತ್ತು. ರಿವೆಟ್ ಮೇಲೆ ಒಂದೂವರೆ ಮಿಲಿಮೀಟರ್ ಲೈನಿಂಗ್, ಅಂದರೆ ಹಿಡಿತ ಕೊಡುವ ಪದರ, ಇನ್ನೂ ಇದೆ. ಕ್ರಾಂಕ್ ಸೀಲ್ ಕಡೆ ಪೂರ್ತಿ ಒಣ. ಅಣ್ಣ ಮಾತಾಡದೆ ಬೀಡಿ ಹಚ್ಚಿದರು. ಸೀಲ್ ಯಾಕೆ ಹೋಯಿತು ಅಂತ ಹುಡುಕಿದರೆ ಗೇರ್‌ಬಾಕ್ಸಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕ್ಯಾಪ್ ಕೆಸರು ಮೆತ್ತಿ ಮುಚ್ಚಿಹೋಗಿತ್ತು. ಬಿಸಿಯಾದಾಗ ಒಳಗಿನ ಪ್ರೆಷರ್ ಸೀಲಿನಿಂದಲೇ ದಾರಿ ಮಾಡಿಕೊಂಡಿದೆ. ಸೀಲ್ ಮಾತ್ರ ಬದಲಾಯಿಸಿ ಬ್ರೀದರ್ ಹಾಗೇ ಬಿಟ್ಟಿದ್ದರೆ ಮತ್ತೆ ಅದೇ ಗತಿ.

ಅಷ್ಟು ಲೈನಿಂಗ್ ಇರುವ ಪ್ಲೇಟ್ ಬಿಸಾಡೋಕೆ ಮನಸ್ಸು ಬರಲಿಲ್ಲ. ಬ್ರೇಕ್ ಕ್ಲೀನರಿನಲ್ಲಿ ತೊಳೆದೆ, ಪೆಟ್ರೋಲಿನಲ್ಲಿ ನೆನೆಸಿದೆ, ಒಣಗಿಸಿ ಮೇಲೆ ಹಾಟ್ ಏರ್ ಗನ್ ಹಿಡಿದೆ. ನೋಡೋಕೆ ಹೊಸದರ ಹಾಗಾಯಿತು. ನ್ಯೂಸ್ ಪೇಪರಿನ ಮೇಲೆ ಇಟ್ಟು ತಾರಸಿಯಲ್ಲಿ ಬಿಸಿಲಿಗೆ ಬಿಟ್ಟರೆ ಸಂಜೆಗೆ ಪೇಪರಿನಲ್ಲಿ ದುಂಡಗೆ ಎಣ್ಣೆ ಉಂಗುರ. ಮತ್ತೆ ತೊಳೆದೆ, ಮತ್ತೆ ಉಂಗುರ. ಲೈನಿಂಗ್ ಒಳಗೇ ಕುಡಿದಿದೆ. ತೊಳೆದು ಹಾಕಿಕೊಡ್ತೀನಿ ಅನ್ನುವ ಗ್ಯಾರೇಜಿನಿಂದ ಗಾಡಿ ಸಮೇತ ಹೊರಡಿ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಕ್ಲಚ್ ಸೆಟ್, ರಿಲೀಸ್ ಬೇರಿಂಗ್ ಸಮೇತ ಹತ್ತೊಂಬತ್ತು ಸಾವಿರ. ಸೀಲ್ ಇರುವ ಗೈಡ್ ಸ್ಲೀವ್ ಸಾವಿರದ ಚಿಲ್ಲರೆ, ಬಿಡಿಭಾಗಗಳ ಅಂಗಡಿ ಸಾಲಿರುವ ಜೆ.ಸಿ. ರೋಡಿನಲ್ಲಿ ಸಿಗಲಿಲ್ಲ, ಕೊರಿಯರ್‌ನಲ್ಲಿ ಬಂತು. ಗೇರ್ ಆಯಿಲ್ ಎರಡು ಸಾವಿರ. ಲೇಬರ್ ಏಳು ಸಾವಿರ ಇದ್ದದ್ದು ಬೆಟ್ಟಿನ ದೆಸೆಯಿಂದ ನಾಲ್ಕಾಯಿತು. ಫ್ಲೈವೀಲ್ ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿದೆ, ಆಟ ಹದದಲ್ಲೇ ಇತ್ತು. ಒರೆಸಿ ಅದನ್ನೇ ಹಾಕಿದೆ. ಒಂದು ಲಕ್ಷದ ಎಸ್ಟಿಮೇಟು ಇಪ್ಪತ್ತಾರರಲ್ಲಿ ಮುಗಿಯಿತು, ರೀಮ್ಯಾಪ್ ಹಾಗೇ ಇದೆ.

ಪ್ಲೇಟ್ ಕೂರಲಿ ಅಂತ ಐನೂರು ಕಿಲೋಮೀಟರ್ ಮೆತ್ತಗೆ ಓಡಿಸಿ, ಆಮೇಲೆ ಗಾಡಿಯನ್ನು ಬೇಕಂತಲೇ ರಾತ್ರಿಯಿಡೀ ಬಲಕ್ಕೆ ವಾಲಿಸಿ ನಿಲ್ಲಿಸಿ ಮತ್ತೆ ನೈಸ್ ರೋಡಿಗೆ ಹೋದೆವು. 28. ನಾಲ್ಕನೇ ಗೇರಿನಲ್ಲಿ 34. ಅಣ್ಣ ಈಗ ಆ ಕೇಬಲ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಹೋದ ತಿಂಗಳು ಅವರ ಗಿರಾಕಿಯ ಒಂದು ಡೀಸೆಲ್ ಸ್ಕೋಡಾ ಲಾರಾದಲ್ಲಿ ಕೂತು ಲಾಗ್ ತೆಗೆದುಕೊಟ್ಟೆ. ಅದು ಒತ್ತಿದಷ್ಟೂ ಹದಗೆಡುತ್ತಿತ್ತು. ಬಿಚ್ಚಿದರೆ ಪ್ಲೇಟ್ ರಿವೆಟ್ಟಿಗೆ ಬಂದಿತ್ತು.